ತಲೆನೋವೂ ವೈದ್ಯರ ಚೀಟಿಯೂ



ತಲೆನೋವನ್ನು ಒಂದು ವ್ಯಾಧಿಯೆಂದು ಎಣಿಸುವವರು ನಮ್ಮಲ್ಲಿ ವಿರಳ. ಜ್ವರ ಬಂದರೆ ವೈದ್ಯರನ್ನು ಕಾಣುತ್ತೇವೆ. ತಲೆ ನೊಂದರೆ ಮನೆಯ ಗೂಡಿನಲ್ಲಿರುವ ಔಷಧದ ಡಬ್ಬಿಯನ್ನು ತಡಕುತ್ತೇವೆ. ಆ ಡಬ್ಬಿಯ ವಿಷಯವಾಗಿಯೇ ಈ ಹೊತ್ತು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ.

ಕೊಪ್ಪಳ ತಾಲ್ಲೂಕಿನ ಅಳವಂಡಿಯಲ್ಲಿ ನಮ್ಮ ಬಂಧುಗಳ ಮನೆಯೊಂದುಂಟು. ಆ ಮನೆಯ ಹಿರಿಯಕ್ಕನವರಿಗೆ ಹಗಲೆಲ್ಲ ಹೊಲಮನೆಯ ದುಡಿಮೆ, ಇರುಳು ಸಾಲದ ಲೆಕ್ಕ, ನಡುವೆ ಮಗಳ ಮದುವೆಯ ಚಿಂತೆ. ಸಂಜೆಯಾಗುತ್ತಲೇ ರುಮಾಲನ್ನು ಬಿಗಿದು ಸುತ್ತಿದಂತೆ ತಲೆಯ ಎರಡು ಕಡೆಯೂ ಒತ್ತುವ ನೋವು; ಕತ್ತು, ಹೆಗಲುಗಳಲ್ಲಿ ಸೆಳೆತ. ವಾಂತಿಯಿಲ್ಲ, ಓಡಾಡಿದರೆ ನೋವು ಹೆಚ್ಚುವುದೂ ಇಲ್ಲ. ವೈದ್ಯರು ಇದನ್ನು ಬಿಗಿತದ ತಲೆನೋವೆಂದು ನಿಶ್ಚಯಿಸಿ ಎರಡು ಔಷಧಗಳನ್ನು ಬರೆದುಕೊಟ್ಟರು. ಒಂದು ನೊಂದಾಗ ಮಾತ್ರ ನುಂಗತಕ್ಕದ್ದು. ಇನ್ನೊಂದು ನೋವಿರಲಿ ಇಲ್ಲದಿರಲಿ, ಪ್ರತಿ ರಾತ್ರಿ ನುಂಗತಕ್ಕದ್ದು. ಕೆಲವು ದಿನಗಳಲ್ಲಿ ಚೀಟಿ ಕಳೆಯಿತು; ಎರಡು ಗುಳಿಗೆಗಳೂ ಒಂದೇ ಡಬ್ಬಿಯನ್ನು ಸೇರಿದುವು. ಅಕ್ಕನವರು ದಿನವೂ ನುಂಗಬೇಕಾದುದನ್ನು ನೊಂದಾಗ ಮಾತ್ರವೂ, ನೊಂದಾಗ ಮಾತ್ರ ನುಂಗಬೇಕಾದುದನ್ನು ದಿನವೂ ನುಂಗತೊಡಗಿದರು. "ಗುಳಿಗಿ ತೀರ್ಯಾವು, ತಮ್ಮಾ, ಬರೂ ಮುಂದ ತಗೊಂಡು ಬಾ" ಎಂದು ಹೇಳಿಕಳುಹಿಸಿದಾಗಲೆಲ್ಲ ಪಟ್ಟಣದಿಂದ ಕೊಂಡೊಯ್ದು ಕೊಟ್ಟವರು ಓದುಬರಹ ಬಲ್ಲ ನಾವೇ. ಎಷ್ಟು ದಿನಕ್ಕೆ ಎಷ್ಟು ತೀರಿತೆಂದು ಒಮ್ಮೆಯೂ ಕೇಳಲಿಲ್ಲ. ಆರು ತಿಂಗಳು ಕಳೆಯುವುದರೊಳಗೆ ಸಂಜೆಯ ನೋವು ಬೆಳಗಿನಿಂದಲೇ ತೊಡಗಿತು.

ನೋವನ್ನು ಕಳೆಯುವ ಔಷಧವೇ ನೋವನ್ನು ತರುವುದುಂಟೇ ಎಂದು ಕೆಲವರು ಕೇಳಬಹುದು. ಉಂಟು. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಆಸ್ಪಿರಿನ್ ಮೊದಲಾದ ಸಾಮಾನ್ಯ ನೋವುನಿವಾರಕಗಳನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚಾಗಿ ಮೂರು ತಿಂಗಳ ಮೇಲ್ಪಟ್ಟು ಸೇವಿಸಿದರೆ, ಆ ಸೇವನೆಯೇ ನಿತ್ಯದ ತಲೆನೋವಿಗೆ ಕಾರಣವಾಗಬಲ್ಲದು. ಹಲವು ನೋವುನಿವಾರಕಗಳನ್ನು ಬೆರೆಸಿದ ಗುಳಿಗೆಗಳಿಗಾದರೆ 10 ದಿನಗಳೇ ಮಿತಿ. ಬೆಂಗಳೂರಿನಲ್ಲಿಯೂ ಅದರ ಸುತ್ತಣ ಹಳ್ಳಿಗಳಲ್ಲಿಯೂ 2,329 ಮಂದಿ ವಯಸ್ಕರನ್ನು ವಿಚಾರಿಸಿ ನಿಮ್ಹಾನ್ಸಿನ ವೈದ್ಯರೇ ಮೊದಲಾದವರು 2015ರಲ್ಲಿ ಪ್ರಕಟಿಸಿದ ವರದಿಯಲ್ಲಿ, ವರ್ಷವೊಂದರಲ್ಲಿ ನೂರಕ್ಕೆ 35 ಮಂದಿಗೆ ಬಿಗಿತದ ತಲೆನೋವು ಬಂದಿತ್ತೆಂದೂ, ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಔಷಧದ ಅತಿಸೇವನೆಯ ತಲೆನೋವು ಇದ್ದಿರಬಹುದೆಂದೂ ಹೇಳಿದೆ. ನೂರಕ್ಕೊಬ್ಬರೆಂದರೆ ಅಲ್ಪವೆನಿಸೀತು, ನಾಡಿನ ಜನಸಂಖ್ಯೆಗೆ ಹಿಡಿದು ನೋಡಿದರೆ ಅದು ಲಕ್ಷಗಳ ಮಾತು.

ಆದಕಾರಣ ಮೊದಲನೆಯ ನಿಯಮವಿದು: ಗುಳಿಗೆಗಳ ಜೊತೆಗೆ ದಿನಗಳನ್ನೂ ಎಣಿಸಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ತಲೆ ನೊಂದ ದಿನಕ್ಕೊಂದು ಗೆರೆ, ಗುಳಿಗೆ ನುಂಗಿದ ದಿನಕ್ಕೊಂದು ಚುಕ್ಕೆ ಹಾಕಿರಿ. ವಾರಕ್ಕೆ ಎರಡು ಚುಕ್ಕೆಗಳನ್ನು ಮೀರುತ್ತಿದ್ದರೆ ಅಂಗಡಿಗಲ್ಲ, ವೈದ್ಯರಲ್ಲಿಗೆ ಹೋಗತಕ್ಕದ್ದು.

ಎರಡನೆಯದು, ಪ್ರತಿ ರಾತ್ರಿಯ ಔಷಧದ ವಿಚಾರ. ಪದೇ ಪದೇ ಬರುವ ಬಿಗಿತದ ತಲೆನೋವಿಗೆ ವೈದ್ಯರು ಹಲವು ವೇಳೆ ಅಮಿಟ್ರಿಪ್ಟಿಲಿನ್ ಎಂಬುದನ್ನು 10 ಮಿಲಿಗ್ರಾಮಿನಂತಹ ಅಲ್ಪ ಪ್ರಮಾಣದಿಂದ ಆರಂಭಿಸಿ ಮೆಲ್ಲನೆ ಏರಿಸುತ್ತಾರೆ. ಇದು ಬಂದ ನೋವನ್ನು ಕಳೆಯುವುದಲ್ಲ, ಬರುವ ನೋವನ್ನು ತಡೆಯುವುದು. ಗುಣ ಕಾಣಲು ಕೆಲವು ವಾರಗಳೇ ಹಿಡಿಯುವುವು. ಬಾಯಿ ಒಣಗುವುದು, ಮಲಬದ್ಧತೆ, ತೂಕಡಿಕೆ ಇವು ಉಂಟಾಗಬಹುದು. ತೂಕಡಿಕೆಯಿರುವಾಗ ವಾಹನ ನಡೆಸಬಾರದು, ಮದ್ಯವನ್ನು ಮುಟ್ಟಬಾರದು. ಹೃದ್ರೋಗ, ಕಣ್ಣೊತ್ತಡದ ರೋಗ, ಮೂತ್ರ ಕಟ್ಟುವ ತೊಂದರೆ ಇದ್ದವರೂ ಗರ್ಭಿಣಿಯರೂ ಮೊದಲೇ ವೈದ್ಯರಿಗೆ ತಿಳಿಸಬೇಕು. ಪ್ರಮಾಣ ಮೀರಿದರೆ ಇದು ಹೃದಯದ ಗತಿಯನ್ನೇ ಕೆಡಿಸಬಲ್ಲದು. ಮಕ್ಕಳ ಕೈಗೆ ಎಟುಕದಂತಿರಲಿ. ತಾನಾಗಿಯೇ ಥಟ್ಟನೆ ನಿಲ್ಲಿಸಲೂ ಕೂಡದು. ಕಾನೂನು ಇದನ್ನು ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿರುವುದು ಈ ಕಾರಣಗಳಿಂದಲೇ. ನೆರೆಮನೆಯವರಿಗೆ ಹೆಪ್ಪು ಕೊಟ್ಟಂತೆ ಈ ಗುಳಿಗೆಯನ್ನು ಕೊಡುವುದು ಉಪಕಾರವಲ್ಲ.

ಮೂರನೆಯದು, ಸಾಮಾನ್ಯ ಗುಳಿಗೆಯೂ ನಿರಪಾಯವಲ್ಲ. ಹಿಂದೆ ಮನೆಮನೆಯಲ್ಲಿದ್ದ ಎ.ಪಿ.ಸಿ. ಗುಳಿಗೆಯಲ್ಲಿನ ಫಿನಾಸಿಟಿನ್ ಬಹುಕಾಲ ಸೇವಿಸಿದವರ ಮೂತ್ರಪಿಂಡಗಳನ್ನು ಕೆಡಿಸುವುದೆಂದು ಕಂಡುಬಂದು, 1983ರಲ್ಲಿ ಭಾರತದಲ್ಲಿ ನಿಷೇಧವಾಯಿತು. ಪ್ಯಾರಾಸಿಟಮಾಲ್ ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಮನ್ನು ಮೀರಬಾರದು. ನೆಗಡಿಯ ಗುಳಿಗೆಯಲ್ಲಿಯೂ ಅದೇ ಅಡಗಿರುವುದುಂಟು, ಎರಡನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಜಠರದ ಹುಣ್ಣು, ಮೂತ್ರಪಿಂಡದ ರೋಗ ಇರುವವರಿಗೆ ಐಬುಪ್ರೊಫೆನ್ ತಕ್ಕದ್ದಲ್ಲ. ಡೆಂಗ್ಯೂ ಜ್ವರದ ಶಂಕೆಯಿದ್ದಾಗ ಅದೂ ಆಸ್ಪಿರಿನ್ನೂ ಯಾರಿಗೂ ಸಲ್ಲವು.

ಇನ್ನು ಕೆಲವು ನೋವುಗಳಿಗೆ ಡಬ್ಬಿಯನ್ನು ತೆರೆಯುತ್ತ ಕೂಡುವುದೇ ತಪ್ಪು. ಸಿಡಿಲೆರಗಿದಂತೆ ಒಮ್ಮೆಲೇ ಬಂದ ನೋವು; ಜ್ವರದೊಡನೆ ಕತ್ತು ಬಿಗಿಯುವುದು; ತಲೆಗೆ ಪೆಟ್ಟು ಬಿದ್ದ ಬಳಿಕ ಹೆಚ್ಚುವ ನೋವು; ಮಾತು ತೊದಲುವುದು, ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು: ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಐವತ್ತು ದಾಟಿದ ಮೇಲೆ ಹೊಸದಾಗಿ ತೊಡಗಿದ ತಲೆನೋವನ್ನೂ ವೈದ್ಯರಿಗೆ ಬೇಗನೆ ತೋರಿಸಬೇಕು.

ಅಕ್ಕನವರನ್ನು ನಾವು ಮತ್ತೆ ವೈದ್ಯರಲ್ಲಿಗೆ ಕರೆದೊಯ್ದೆವು. ನೋವುನಿವಾರಕವನ್ನು ನಿಲ್ಲಿಸಿದ ಮೊದಲ ಹತ್ತು ದಿನ ನೋವು ಹೆಚ್ಚಿತು. ಹೀಗಾಗುವುದೆಂದು ವೈದ್ಯರು ಮೊದಲೇ ಎಚ್ಚರಿಸಿರದಿದ್ದರೆ ಅವರು ಪುನಃ ಡಬ್ಬಿಗೆ ಕೈಹಾಕುತ್ತಿದ್ದರು. ಎರಡು ತಿಂಗಳಲ್ಲಿ ನೋವು ವಾರಕ್ಕೊಮ್ಮೆಗೆ ಇಳಿಯಿತು. ಸಾಲವೂ ಚಿಂತೆಯೂ ಇದ್ದಂತೆಯೇ ಇವೆ. ಅವುಗಳನ್ನು ಕಳೆಯುವ ಗುಳಿಗೆ ಇಲ್ಲ. ಈಗ ಆ ಮನೆಯ ಗೂಡಿನಲ್ಲಿ ಡಬ್ಬಿಗಳು ಎರಡು. ಒಂದರ ಮೇಲೆ "ದಿನಾಲು ರಾತ್ರಿ" ಎಂದೂ ಇನ್ನೊಂದರ ಮೇಲೆ "ನೊಂದಾಗ ಮಾತ್ರ" ಎಂದೂ ಮಗಳು ಬರೆದು ಅಂಟಿಸಿದ್ದಾಳೆ. ಶ್ರೋತೃಗಳು ಈ ರಾತ್ರಿ ತಮ್ಮ ಮನೆಯ ಡಬ್ಬಿಯನ್ನೊಮ್ಮೆ ತೆರೆದು ನೋಡಬೇಕೆಂದು ಬೇಡಿಕೊಂಡು ಈ ಭಾಷಣವನ್ನು ಮುಗಿಸುತ್ತೇವೆ.