ಕೈಗೂ ಮನಸ್ಸಿಗೂ ಒಂದು ಕೆಲಸ: ಮರದ ತೂಗುಬೊಂಬೆ, ಕಾಗದದ ಶುಭಾಶಯ ಪತ್ರ

(ಗುತ್ತಲದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ಸಿಸ್ಟರ್ ಒಬ್ಬರು ಆಡಿದ ಮಾತುಗಳ ಬರಹ ರೂಪ)



ಸಂಘದ ಸಭೆಯಲ್ಲಿ ಯಾವ ಕೈಕೆಲಸದ ಮಾತು ಎತ್ತಿದರೂ ಮೊದಲು ಬರುವ ಪ್ರಶ್ನೆ ಒಂದೇ: "ಸಿಸ್ಟರ್, ಇದರಿಂದ ಎಷ್ಟು ಬರ್ತೈತ್ರಿ?" ಪ್ರಶ್ನೆ ತಪ್ಪಲ್ಲ. ಮನೆಯಲ್ಲಿ ಸಾಲ ಇದ್ದವರು, ಮಕ್ಕಳ ಫೀಸು ಕಟ್ಟಬೇಕಾದವರು ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಇವತ್ತು ನಾನು ಹೇಳಬೇಕೆಂದಿರುವುದು ಸ್ವಲ್ಪ ಬೇರೆ. ಎಲ್ಲ ಕೈಕೆಲಸವೂ ಉದ್ಯೋಗ ಆಗಬೇಕಾಗಿಲ್ಲ. ಮರದ ಚೂರಿನಲ್ಲಿ ಒಂದು ಹಕ್ಕಿ ಮಾಡಿ ಬಾಗಿಲಿಗೆ ತೂಗುಹಾಕುವುದು, ಕಾಗದ ಮಡಚಿ ಒಂದು ಶುಭಾಶಯ ಪತ್ರ ಮಾಡಿ ತವರಿಗೆ ಕಳಿಸುವುದು, ಇವು ಹವ್ಯಾಸವಾಗಿಯೇ ಬೆಲೆಯುಳ್ಳ ಕೆಲಸಗಳು. "ಕೈ ಕೆಸರಾದರೆ ಬಾಯಿ ಮೊಸರು" ಅಂತ ನಾವು ಹೇಳ್ತೇವೆ. ಕೈ ದುಡಿದರೆ ಹೊಟ್ಟೆ ತುಂಬುತ್ತದೆ, ನಿಜ. ಮನಸ್ಸಿಗೂ ಒಂದು ತುತ್ತು ಬೇಡವೇನ್ರಿ?

ನಿಮ್ಮ ಕೈ ಆಗಲೇ ಕಲಿತ ಕೈ

"ನಮಗ ಇಂಥಾ ನಾಜೂಕು ಕೆಲಸ ಎಲ್ಲಿ ಬರಬೇಕ್ರಿ" ಅಂತ ಬಹಳ ಮಂದಿ ಹಿಂದೆ ಸರಿಯುತ್ತಾರೆ. ನಾನು ಒಪ್ಪುವುದಿಲ್ಲ. ರಾಣೇಬೆನ್ನೂರು ಕಡೆ ಬೀಜೋತ್ಪಾದನೆಯ ಹೊಲಗಳಲ್ಲಿ ಹತ್ತಿಯ ಕ್ರಾಸಿಂಗ್ ಮಾಡುವವರು ಯಾರು? ನೀವೇ. ಸಂಜೆ ಮೊಗ್ಗು ಬಿಡಿಸಿ ಗಂಡು ಭಾಗ ತೆಗೆದು, ಮರುದಿನ ಬೆಳಿಗ್ಗೆ ಬೇರೆ ಹೂವಿನ ಪರಾಗ ಮುಟ್ಟಿಸುವ ಕೆಲಸ ಅದು. ಉಗುರು ಸ್ವಲ್ಪ ಹೆಚ್ಚು ತಾಗಿದರೆ ಕಾಯಿ ನಿಲ್ಲುವುದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರು ಯಾರು? ಹರಿದ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುವವರು, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಮಕ್ಕಳ ಕೈಗೆ ಕೊಡುವವರು ಯಾರು? ಇಷ್ಟು ಬಲ್ಲ ಕೈಗೆ ಒಂದು ಕತ್ತರಿ, ಒಂದು ಸಣ್ಣ ಗರಗಸ ದೊಡ್ಡದಲ್ಲ. ವ್ಯತ್ಯಾಸ ಇಷ್ಟೆ: ದಿನವೆಲ್ಲ ಈ ಕೈ ಬೇರೆಯವರು ಹೇಳಿದ್ದನ್ನು ಮಾಡುತ್ತದೆ. ಹವ್ಯಾಸದಲ್ಲಿ ಏನು ಮಾಡಬೇಕೆಂದು ನೀವೇ ತೀರ್ಮಾನಿಸುತ್ತೀರಿ.

ನಮ್ಮ ಸೀಮೆಗೆ ಕುಶಲ ಕೆಲಸ ಹೊಸದಲ್ಲ. ಹಾವೇರಿಯ ಏಲಕ್ಕಿ ಹಾರ ನಾಡಿಗೆಲ್ಲ ಗೊತ್ತು. ಹುಬ್ಬಳ್ಳಿ-ಕಾರವಾರ ರಸ್ತೆಯ ಕಲಘಟಗಿಯಲ್ಲಿ ಮರದ ತೊಟ್ಟಿಲಿಗೆ ಅರಗಿನ ಬಣ್ಣ ಹಾಕಿ ಪುರಾಣದ ಚಿತ್ರ ಬರೆಯುತ್ತಾರೆ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರ ಮರದ ಬೊಂಬೆಗೆ ಹುಣಸೆ ಬೀಜದ ಅಂಟು ಸೇರಿದ ಮೆತ್ತನೆಯ ಲೇಪ ಹಚ್ಚಿ ಬಣ್ಣ ಕೊಡುತ್ತಾರೆ. ಚನ್ನಪಟ್ಟಣದವರು ಆಲೆ ಮರವನ್ನು ತಿರುಗಣಿಗೆ ಹಾಕಿ, ತಿರುಗುವಾಗಲೇ ಅರಗು ಒತ್ತಿ, ಬಿಸಿಗೆ ಕರಗಿದ ಬಣ್ಣವನ್ನು ಒಣ ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಇವೆಲ್ಲ ಕಸುಬುಗಳು. ತಲೆಮಾರಿನಿಂದ ತಲೆಮಾರಿಗೆ ಕಲಿತು ಬಂದವು. ಅವರಷ್ಟು ಚೆನ್ನಾಗಿ ಬರಲಿಲ್ಲ ಎಂದು ನಾವು ಕೊರಗಬೇಕಾಗಿಲ್ಲ. ಅವರಿಂದ ಕಲಿಯಬೇಕಾದದ್ದು ಒಂದೇ, ತಾಳ್ಮೆ.

ಮರದ ಕೆಲಸ

ಮೊದಲು ಮರ ಎಲ್ಲಿಂದ? ಹಸಿ ಮರ ಕಡಿಯಬೇಡಿ. ಹಸಿ ಮರ ಒಣಗುವಾಗ ಕುಗ್ಗಿ ಸೀಳುತ್ತದೆ, ನಿಮ್ಮ ಹಕ್ಕಿ ಎರಡು ತುಂಡಾಗುತ್ತದೆ. ಬಡಿಗೇರರ ಅಂಗಡಿಯಲ್ಲಿ ಉಳಿದ ಹಲಗೆ ಚೂರು, ಹಣ್ಣಿನ ಪೆಟ್ಟಿಗೆಯ ತೆಳು ಹಲಗೆ, ಮುರಿದ ಹಳೆ ಕುರ್ಚಿಯ ಪಟ್ಟಿ, ಇವು ಆಗಲೇ ಒಣಗಿದ ಮರ. ಇಷ್ಟೇ ಸಾಕು.

ರಟ್ಟಿನ ಮೇಲೆ ಮಾವಿನಕಾಯಿಯೋ ಗಿಳಿಯೋ ನಕ್ಷತ್ರವೋ ಬರೆದು ಕತ್ತರಿಸಿಕೊಳ್ಳಿ. ಅದನ್ನು ಹಲಗೆಯ ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆಯಿರಿ. ಚಿತ್ರದ ಉದ್ದ ಮರದ ಎಳೆಯ ಉದ್ದಕ್ಕೇ ಇರಲಿ. ಎಳೆಗೆ ಅಡ್ಡ ಇಟ್ಟರೆ ಗಿಳಿಯ ಬಾಲ ಮೊದಲು ಮುರಿಯುವುದು. ದಾರ ಪೋಣಿಸುವ ತೂತನ್ನು ಕತ್ತರಿಸುವ ಮುಂಚೆಯೇ ಹಾಕಿ. ಸಣ್ಣ ತುಂಡಿಗೆ ಆಮೇಲೆ ತೂತು ಹಾಕಹೋದರೆ ಅಂಚು ಸೀಳುತ್ತದೆ.

ಕತ್ತರಿಸಿದ ಮೇಲೆ ಪಾಲಿಶ್ ಕಾಗದದಿಂದ ಉಜ್ಜಬೇಕು. ಅದರ ಹಿಂದೆ ನಂಬರ್ ಇರುತ್ತದೆ. ಮೊದಲು 80, ಆಮೇಲೆ 120, ಕೊನೆಗೆ 220. ನಂಬರ್ ಹೆಚ್ಚಾದಷ್ಟು ನುಣುಪು. ಯಾವಾಗಲೂ ಎಳೆಯ ಉದ್ದಕ್ಕೆ ಉಜ್ಜಿ. ಒಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಮರದ ಸಣ್ಣ ನಾರು ಮೇಲೇಳುತ್ತವೆ. ಮತ್ತೊಮ್ಮೆ 220ರಲ್ಲಿ ಉಜ್ಜಿದರೆ ಕೈಗೆ ಬೆಣ್ಣೆಯಂತೆ ಹತ್ತುತ್ತದೆ. ಉಜ್ಜುವಾಗ ಮೂಗಿಗೆ ಸೆರಗು ಕಟ್ಟಿಕೊಳ್ಳಿ, ಮರದ ಧೂಳು ಎದೆಗೆ ಒಳ್ಳೆಯದಲ್ಲ.

ಬಣ್ಣಕ್ಕೆ ಅರಿಷಿಣ ಚಂದ ಕಾಣುತ್ತದೆ, ಆದರೆ ಬಿಸಿಲಿಗೆ ಬೇಗ ಮಾಸುತ್ತದೆ. ಕೆಮ್ಮಣ್ಣು ಮಾಸುವುದಿಲ್ಲ. ಬಣ್ಣವೇ ಬೇಡವೆಂದರೆ ಅಗಸಿ ಎಣ್ಣೆ ತೆಳುವಾಗಿ ಹಚ್ಚಿ ಒಣಗಿಸಿ. ಶೇಂಗಾ ಎಣ್ಣೆ ಹಚ್ಚಬೇಡಿ, ಅದು ಒಣಗದೆ ಜಿಗುಟಾಗಿ ಧೂಳು ಹಿಡಿಯುತ್ತದೆ. ಒಂದು ಎಚ್ಚರಿಕೆ: ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಕಾದು ಬೆಂಕಿ ಹತ್ತುವ ಸಂಭವ ಇದೆ. ಬಿಡಿಸಿ ಹೊರಗೆ ಒಣಗಹಾಕಿ. ಇನ್ನು ಮನೆಯಲ್ಲಿ ಉಳಿದ ಹಳೆ ಡಬ್ಬಿಯ ಪೇಂಟನ್ನು ಮಕ್ಕಳ ಕೈಗೆ ಹೋಗುವ ವಸ್ತುವಿಗೆ ಹಚ್ಚಲೇಬೇಡಿ. ಮನೆ ಬಣ್ಣದಲ್ಲಿ ಸೀಸದ ಪ್ರಮಾಣಕ್ಕೆ ಸರಕಾರ ಮಿತಿ ಹಾಕಿದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಹಳೆ ಬಣ್ಣದಲ್ಲಿ ಸೀಸ ಎಷ್ಟಿದೆಯೋ ಯಾರು ಬಲ್ಲರು? ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತವೆ.

ಕಾಗದದ ಕೆಲಸ

ಕಾಗದಕ್ಕೆ ಪೇಟೆಗೆ ಹೋಗಬೇಕಾಗಿಲ್ಲ. ಪ್ರತಿ ಮನೆಯಲ್ಲೂ ಒಂದು ಚೀಲ ಹಳೆ ಲಗ್ನಪತ್ರಿಕೆ ಇರುತ್ತವೆ. ದಪ್ಪ ಕಾಗದ, ಬಂಗಾರದ ಅಂಚು, ಖಾಲಿ ಹಿಂಬದಿ. ಇದಕ್ಕಿಂತ ಒಳ್ಳೆಯ ಸಾಮಾನು ಬೇಕೇ?

ಮರಕ್ಕೆ ಇರುವಂತೆ ಕಾಗದಕ್ಕೂ ಎಳೆ ಇದೆ. ದಿನಪತ್ರಿಕೆಯನ್ನು ಹರಿದು ನೋಡಿ, ಒಂದು ಕಡೆ ನೆಟ್ಟಗೆ ಹರಿಯುತ್ತದೆ, ಇನ್ನೊಂದು ಕಡೆ ಅಡ್ಡಾದಿಡ್ಡಿ. ನೆಟ್ಟಗೆ ಹರಿಯುವುದೇ ಎಳೆ. ಕಾರ್ಡಿನ ಮಡಿಕೆ ಆ ಎಳೆಯ ಗುಂಟ ಬಂದರೆ ಬಿರಿಯುವುದಿಲ್ಲ. ಮಡಚುವ ಮೊದಲು ಸ್ಕೇಲ್ ಇಟ್ಟು, ಖಾಲಿಯಾದ ಬಾಲ್‌ಪೆನ್ನಿನಿಂದ ಗಟ್ಟಿಯಾಗಿ ಒಂದು ಗೆರೆ ಎಳೆದರೆ ಮಡಿಕೆ ನೇರ ಬರುತ್ತದೆ. ಅಂಗಡಿಯ ದೊಡ್ಡ ಬಿಳಿ ಹಾಳೆ, ಎ-4 ಅನ್ನುತ್ತಾರಲ್ಲ, ಅದನ್ನು ಅಡ್ಡಲಾಗಿ ಎರಡು ಮಾಡಿ ಒಂದೊಂದನ್ನು ಮಡಚಿದರೆ ಎರಡು ಕಾರ್ಡು.

ಮೇಲೆ ಏನು ಅಂಟಿಸುವುದು? ಚೆಂಡು ಹೂವಿನ ಎಸಳು, ಬೇವಿನ ಎಲೆ. ಇವನ್ನು ದಿನಪತ್ರಿಕೆಯ ನಡುವೆ ಇಟ್ಟು ಮೇಲೆ ಭಾರ ಹೇರಿ, ಪತ್ರಿಕೆ ಆಗಾಗ ಬದಲಿಸುತ್ತ, ಒಂದೆರಡು ವಾರ ಬಿಟ್ಟರೆ ಚಪ್ಪಟೆಯಾಗಿ ಒಣಗುತ್ತವೆ. ಕೌದಿಯಿಂದ ಉಳಿದ ಬಟ್ಟೆ ಚೂರು, ಬಳೆ ಚೂರು, ಬಣ್ಣದ ನೂಲು ಎಲ್ಲವೂ ನಡೆಯುತ್ತದೆ. ಅಂಟು ಕಡಿಮೆ ಹಚ್ಚಿ, ಪುಸ್ತಕದ ಕೆಳಗೆ ಒಂದು ರಾತ್ರಿ ಇಡಿ. ಇಲ್ಲವಾದರೆ ಕಾರ್ಡು ಹಪ್ಪಳದಂತೆ ಡೊಂಕಾಗುತ್ತದೆ.

ಕಾಗದವನ್ನೇ ಮಾಡಬೇಕೆನ್ನುವವರು ರದ್ದಿ ಕಾಗದವನ್ನು ಒಂದು ರಾತ್ರಿ ನೆನೆಸಿ, ರುಬ್ಬಿ, ನೀರಿನಲ್ಲಿ ತೆಳ್ಳಗೆ ಕಲಸಿ, ಜರಡಿಯಲ್ಲಿ ಎತ್ತಿ, ಬಟ್ಟೆಯ ಮೇಲೆ ಮಗುಚಿ ಒಣಗಿಸಬಹುದು. ಹಿಂದೆ ನಮ್ಮ ಅಜ್ಜಿಯರು ಕಾಗದ ನೆನೆಸಿ, ಮೆಂತೆ ಹಾಕಿ ರುಬ್ಬಿ, ಬುಟ್ಟಿಗೆ ಮೆತ್ತುತ್ತಿದ್ದರಲ್ಲ, ಅದರ ತಂಗಿ ಈ ಕೆಲಸ.

ಕಾರ್ಡು ಎಂದರೆ ಪೇಟೆಯವರ ಶೋಕಿ ಅನ್ನಬೇಡಿ. ಅಚ್ಚಾದ ಕ್ರಿಸ್ಮಸ್ ಕಾರ್ಡು ಮೊದಲು ಮಾರಾಟಕ್ಕೆ ಬಂದದ್ದು 1843ರಲ್ಲಿ, ಲಂಡನ್ನಿನಲ್ಲಿ. ಆದರೆ ನನಗೆ ಇಷ್ಟವಾದದ್ದು ಇನ್ನೊಂದು. ಮಹಾಯುದ್ಧ ಮುಗಿದ ಮೇಲೆ ಜೆಕೊಸ್ಲೊವಾಕಿಯಾದ ಏಳು ವರ್ಷದ ಹುಡುಗಿಯೊಬ್ಬಳು, ತನ್ನ ಊರಿನ ಮಕ್ಕಳಿಗೆ ನೆರವು ಕಳಿಸಿದ ಯುನಿಸೆಫ್ ಸಂಸ್ಥೆಗೆ ಧನ್ಯವಾದ ಹೇಳಲು ಒಂದು ಚಿತ್ರ ಬರೆದಳು. 1949ರಲ್ಲಿ ಅದೇ ಯುನಿಸೆಫಿನ ಮೊದಲ ಕಾರ್ಡು ಆಯಿತು. ಕಾರ್ಡಿನ ಬೇರು ಇರುವುದು ಅಲ್ಲಿ, "ನಿಮ್ಮನ್ನು ನೆನೆದೆ" ಎಂದು ಹೇಳುವುದರಲ್ಲಿ.

ವೇಳೆ ಎಲ್ಲಿದೆ?

ಇದು ನಿಜವಾದ ಪ್ರಶ್ನೆ. ಕೇಂದ್ರ ಸರಕಾರದ 2019ರ ಸಮಯ ಬಳಕೆ ಸಮೀಕ್ಷೆ ಏನು ಹೇಳುತ್ತದೆ ಕೇಳಿ. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು ಕೊಡುವುದು 97 ನಿಮಿಷ. ಹತ್ತಿರ ಹತ್ತಿರ ಐದು ತಾಸು ಒಂದು ಕಡೆ, ಒಂದೂವರೆ ತಾಸು ಇನ್ನೊಂದು ಕಡೆ. ಹೊಲದ ಕೂಲಿ ಇದರಲ್ಲಿ ಸೇರಿಲ್ಲ.

ಹಾಗಾಗಿ ವಾರಕ್ಕೆ ಎರಡು ತಾಸು ನನ್ನದು ಎಂದು ಹೇಳುವುದು ಸಣ್ಣ ಮಾತಲ್ಲ. "ಕೆಲಸ ಬಿಟ್ಟು ಕಾಗದ ಕತ್ತರಿಸ್ತಾ ಕುಂತಾಳ" ಎಂಬ ಮಾತು ಬರಬಹುದು. ಬಂದರೆ ಮನೆಯವರನ್ನು ಕರೆದು ಪಕ್ಕಕ್ಕೆ ಕೂಡಿಸಿಕೊಳ್ಳಿ, ಗರಗಸ ಅವರ ಕೈಗೆ ಕೊಡಿ. ಗಂಡಸರು ಇಸ್ಪೀಟು ಆಡಿದರೆ, ಕಟ್ಟೆಯ ಮೇಲೆ ಕುಂತರೆ ಅದು ವಿಶ್ರಾಂತಿ. ಹೆಂಗಸು ಕುಂತರೆ ಸೋಮಾರಿತನ. ಈ ಲೆಕ್ಕ ಸರಿಯೇ ಎಂದು ಮನೆಯಲ್ಲಿ ಸಮಾಧಾನದಿಂದ ಕೇಳಿ.

ಕೈ ಕೆಲಸದಲ್ಲಿದ್ದಾಗ ಬಾಯಿ ಬಿಚ್ಚುತ್ತದೆ

ಸಮಾಜಕಾರ್ಯದಲ್ಲಿ ಇದು ನಮಗೆ ಅನುಭವದಿಂದ ಗೊತ್ತಾದ ಮಾತು. ಎದುರಾ ಎದುರು ಕುರ್ಚಿ ಹಾಕಿ "ನಿಮ್ಮ ಕಷ್ಟ ಹೇಳಿ" ಅಂದರೆ ಯಾರೂ ಹೇಳುವುದಿಲ್ಲ. ಹತ್ತು ಜನ ಸುತ್ತ ಕುಳಿತು ಕಾಗದ ಕತ್ತರಿಸುವಾಗ, ಕಣ್ಣು ಕೈಯ ಮೇಲಿರುವಾಗ, ಮಾತು ತಾನಾಗಿ ಬರುತ್ತದೆ. ಮಳೆ ಕೈಕೊಟ್ಟದ್ದು, ಸಾಲದವನು ಬಾಗಿಲಿಗೆ ಬಂದದ್ದು, ಗಂಡನನ್ನು ಕಳಕೊಂಡ ಮೇಲೆ ಮನೆಯಲ್ಲಿ ತನ್ನ ಜಾಗ ಯಾವುದೆಂದು ತಿಳಿಯದೆ ಹೋದದ್ದು. ರೈತರ ಆತ್ಮಹತ್ಯೆಯ ನೋವು ಕಂಡ ಜಿಲ್ಲೆ ನಮ್ಮದು, ಅಂಥ ಮನೆಗಳ ಅಕ್ಕಂದಿರು ನಮ್ಮ ನಡುವೆ ಇದ್ದಾರೆ.

ಕಲೆ ಮತ್ತು ಆರೋಗ್ಯದ ಸಂಬಂಧದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ವರದಿ ಪ್ರಕಟಿಸಿತು. 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ನೋಡಿ, ಕಲೆಯಲ್ಲಿ ತೊಡಗುವುದು ಮನಸ್ಸಿಗೂ ದೇಹಕ್ಕೂ ಸಹಾಯಕ ಎಂದು ಅದು ಹೇಳಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಚಿಕಿತ್ಸೆಯ ಜೊತೆಗೆ ಕೈಕೆಲಸ ಕಲಿಸುವ ವಿಭಾಗ ಇದೆ. ಆದರೆ ಒಂದು ಮಾತು ಸ್ಪಷ್ಟವಾಗಿರಲಿ: ಕೈಕೆಲಸ ಔಷಧಿಯ ಬದಲಿಗೆ ಅಲ್ಲ. ನಿದ್ದೆ ಬಾರದೆ, ಊಟ ಸೇರದೆ, ಬದುಕು ಬೇಡವೆನಿಸುವಷ್ಟು ಬೇಸರ ಇದ್ದವರು 14416ಕ್ಕೆ ಫೋನ್ ಮಾಡಿ. 2022ರಲ್ಲಿ ಸರಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ ಅದು, ದುಡ್ಡು ಬೀಳುವುದಿಲ್ಲ.

ಮಾರಬೇಕೆನ್ನುವವರಿಗೆ

ಈಗ ದುಡ್ಡಿನ ಮಾತಿಗೆ ಬರೋಣ. ಹತ್ತು ದಿನದ ತರಬೇತಿ, ಕೂಡಲೇ ಸಂಘದಿಂದ ಸಾಲ, ನೂರಾರು ಕಾರ್ಡು, ಕೊನೆಗೆ ಮುಕ್ಕಾಲು ಪಾಲು ಟ್ರಂಕಿನಲ್ಲಿ. ಹೀಗಾದ ಗುಂಪುಗಳನ್ನು ನಾನು ನೋಡಿದ್ದೇನೆ. ಆಮೇಲೆ "ನಮ್ಮ ಕೈಲಿ ಆಗಲಿಲ್ಲ" ಎಂದು ಅವರು ಕತ್ತರಿಯನ್ನೇ ಮುಟ್ಟುವುದಿಲ್ಲ. ಸಾಲವೂ ಉಳಿಯಿತು, ಇದ್ದ ಸಂತೋಷವೂ ಹೋಯಿತು.

ಒಂದು ಉದಾಹರಣೆ ಲೆಕ್ಕ ಹಾಕಿ. ಹೊಸ ಕಾಗದ 4 ರೂಪಾಯಿ, ಲಕೋಟೆ 2, ಅಂಟು-ದಾರ 2, ಒಟ್ಟು 8. ಕಾರ್ಡು 20 ರೂಪಾಯಿಗೆ ಹೋದರೆ ಉಳಿಯುವುದು 12. ಒಂದು ಕಾರ್ಡಿಗೆ ಮುಕ್ಕಾಲು ತಾಸು ಹಿಡಿದರೆ ಎಂಟು ತಾಸಿಗೆ 10 ಕಾರ್ಡು, 120 ರೂಪಾಯಿ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಕೂಲಿ ಬಿಟ್ಟು ಕಾರ್ಡು ಮಾಡಿದರೆ ಮನೆ ನಡೆಯುವುದಿಲ್ಲ. ಮೊಬೈಲಿನಲ್ಲಿ ಶುಭಾಶಯ ಕಳಿಸುವ ಈ ಕಾಲದಲ್ಲಿ ಕಾರ್ಡು ಕೊಳ್ಳುವವರೂ ಕಡಿಮೆ.

ಹಾಗಂತ ಮಾರಲೇಬಾರದು ಎಂದಲ್ಲ. 1979ರಲ್ಲಿ ಮುಂಬಯಿಯಲ್ಲಿ ರಿಪ್ಪನ್ ಕಪೂರ್ ಮತ್ತು ಗೆಳೆಯರು 50 ರೂಪಾಯಿಯಿಂದ ಆರಂಭಿಸಿದ ಕ್ರೈ ಸಂಸ್ಥೆ ಶುಭಾಶಯ ಪತ್ರ ಮಾರಿಯೇ ಮಕ್ಕಳ ಕೆಲಸಕ್ಕೆ ಹಣ ಕೂಡಿಸಿತು. ನಮ್ಮ ಮಟ್ಟಿಗೆ ನಾಲ್ಕು ಮಾತು ನೆನಪಿಡಿ:

1. ಹವ್ಯಾಸಕ್ಕೆ ಸಾಲ ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚಿ.
2. ಯಾರಾದರೂ ಕೇಳಿ, ಮುಂಗಡ ಕೊಟ್ಟರೆ ಮಾತ್ರ ಹೆಚ್ಚು ಮಾಡಿ. ಸೀಮಂತ, ಶಾಲೆಯ ಕಾರ್ಯಕ್ರಮ, ದೀಪಾವಳಿ, ಕ್ರಿಸ್ಮಸ್ ಸಮಯದಲ್ಲಿ ಕೇಳುವವರು ಇರುತ್ತಾರೆ.
3. ಬೆಲೆ ಹೇಳುವಾಗ ನಿಮ್ಮ ವೇಳೆಯನ್ನೂ ಸೇರಿಸಿ ಹೇಳಿ. "ಮನೆಯಲ್ಲಿ ಮಾಡಿದ್ದು ತಾನೆ" ಎಂದು ಚೌಕಾಸಿ ಮಾಡುವವರಿಗೆ ಬಗ್ಗಬೇಡಿ.
4. ಮಕ್ಕಳ ಆಟಿಕೆ ಮಾರುವುದಕ್ಕೆ 2021ರಿಂದ ಗುಣಮಟ್ಟದ ಸರಕಾರಿ ನಿಯಮ ಇದೆ. ತೂಗುಬೊಂಬೆ ಬೇರೆ, ಆಟಿಕೆ ಬೇರೆ. ಆಟಿಕೆ ಮಾರುವವರು ಮೊದಲು ವಿಚಾರಿಸಿಕೊಳ್ಳಿ.

ತಾಯಂದಿರೆ, ಮುಂದಿನ ತಿಂಗಳ ಸಭೆಗೆ ಉಳಿತಾಯದ ಪುಸ್ತಕದ ಜೊತೆಗೆ ಪ್ರತಿಯೊಬ್ಬರೂ ಒಂದು ಹಳೆ ಲಗ್ನಪತ್ರಿಕೆ, ಒಂದು ಅಂಗೈ ಅಗಲದ ಒಣ ಹಲಗೆ ತನ್ನಿ. ಕತ್ತರಿ, ಗರಗಸ, ಪಾಲಿಶ್ ಕಾಗದ ಸಂಘದ್ದೇ ಒಂದೊಂದು ಇದ್ದರೆ ಸಾಕು, ಸರದಿಯ ಮೇಲೆ ಬಳಸೋಣ. ಹಣದ ಲೆಕ್ಕ ಮುಗಿದ ಮೇಲೆ ಒಂದು ತಾಸು ಕೂಡೋಣ. ಮೊದಲ ಕಾರ್ಡನ್ನು ಮಾರಬೇಡಿ. ಬಹಳ ದಿನದಿಂದ ಮಾತಾಡದೆ ಬಿಟ್ಟ ಒಬ್ಬರಿಗೆ ಕೊಡಿ. ಸಂಘಕ್ಕೆ ಬರುವುದನ್ನು ನಿಲ್ಲಿಸಿರುವ ಅಕ್ಕ ಯಾರಾದರೂ ಇದ್ದರೆ, ಅವರ ಮನೆಗೇ ಹೋಗಿ ಕೊಟ್ಟು ಬನ್ನಿ.