ಕ್ಯಾಮೆರಾ ಬ್ಯಾಗ್‌ಗೆ ಇನ್ಶೂರೆನ್ಸ್: ಪ್ರೀಮಿಯಂ ಕಟ್ಟೋ ಮುಂಚೆ ಕೇಳಬೇಕಾದ ಪ್ರಶ್ನೆಗಳು

ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಕೇಳುಗರಿಂದ ಬರ್ತಾ ಇರೋ ವಾಯ್ಸ್ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರ್ತಿದೆ: "ಕ್ಯಾಮೆರಾಗೆ ಇನ್ಶೂರೆನ್ಸ್ ಸಿಗುತ್ತಾ? ಸಿಕ್ಕಿದ್ರೆ, ಕಷ್ಟ ಬಂದಾಗ ನಿಜವಾಗ್ಲೂ ದುಡ್ಡು ಕೊಡ್ತಾರಾ?"

ಸಿಗುತ್ತೆ. ಕೊಡ್ತಾರೆ ಕೂಡ. ಆದರೆ ಯಾವ ಪಾಲಿಸಿ, ಯಾವ ಷರತ್ತು ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ನಾನು ಏಜೆಂಟ್ ಅಲ್ಲ, ಈ ಎಪಿಸೋಡ್‌ಗೆ ಯಾವ ಕಂಪನಿಯೂ ದುಡ್ಡು ಕೊಟ್ಟಿಲ್ಲ. ಬಿ.ಕಾಂ. ಓದಿದೀನಿ, ಸಣ್ಣಕ್ಷರ ಓದೋ ಚಟ ಇದೆ, ಅಷ್ಟೇ.

ನಮ್ಮ ಕಡೆ ಕ್ಯಾಮೆರಾ ಎಂಥಾ ಜೀವನ ಮಾಡುತ್ತೆ ನೋಡಿ. ಬೆಳಗ್ಗೆ ಕಡೂರಿನ ಕಲ್ಯಾಣ ಮಂಟಪದಲ್ಲಿ ಧಾರೆ, ಮಧ್ಯಾಹ್ನ ಕಲ್ಲತ್ತಿಗಿರಿ ಜಲಪಾತದ ಹತ್ತಿರ ಪ್ರೀ ವೆಡ್ಡಿಂಗ್ ಶೂಟ್, ಮಾರನೇ ದಿನ ಅಮೃತಾಪುರದ ಹೊಯ್ಸಳ ದೇವಸ್ಥಾನ. ಬೇಸಿಗೆ ಬಂದರೆ ಭದ್ರಾ ಹಿನ್ನೀರಿನಲ್ಲಿ ರಿವರ್ ಟರ್ನ್ ಹಕ್ಕಿಗಳ ಹಿಂದೆ ದೋಣಿಯಲ್ಲಿ ಓಡಾಟ. ಒಂದು ಕಡೆ ಬಯಲುಸೀಮೆಯ ಧೂಳು, ಇನ್ನೊಂದು ಕಡೆ ಮಲೆನಾಡಿನ ತೇವ. ಇದೆಲ್ಲಾ ಬಹುಪಾಲು ಬೈಕ್ ಮೇಲೆ, ಅದೂ ಇಎಂಐನಲ್ಲಿ ತಗೊಂಡ ಕ್ಯಾಮೆರಾ!

ನನ್ನ ಗೆಳೆಯನೊಬ್ಬ ಮದುವೆ ಫೋಟೋಗ್ರಾಫರ್. ಒಂದು ಛತ್ರದ ಹೊರಗೆ ನಿಲ್ಲಿಸಿದ್ದ ಕಾರಿನ ಹಿಂದಿನ ಸೀಟಿಂದ ಅವನ ಬ್ಯಾಗ್ ಹೋಯ್ತು. ಪಾಲಿಸಿ ಇತ್ತು, ಪ್ರೀಮಿಯಂ ಕಟ್ಟಿದ್ದ. ಆದರೆ ಕಾರಿನ ಗಾಜು ಒಡೆದಿರಲಿಲ್ಲ, ಲಾಕ್ ಮುರಿದಿರಲಿಲ್ಲ. "ಬಲವಂತವಾಗಿ ಒಳಗೆ ನುಗ್ಗಿದ ಗುರುತು ಇದ್ದರೆ ಮಾತ್ರ ಕಳವು ಪರಿಹಾರ" ಅಂತ ಪಾಲಿಸಿಯಲ್ಲೇ ಬರೆದಿತ್ತು. ಕ್ಲೇಮ್ ತಿರಸ್ಕಾರ. ಕ್ಯಾಮೆರಾ ಇಲ್ಲ, ಎಂಟು ತಿಂಗಳ ಇಎಂಐ ಮಾತ್ರ ಇತ್ತು. ಆ ಸಾಲನ್ನ ಮಾರುವಾಗ ಅವನಿಗೆ ಯಾರೂ ಓದಿ ಹೇಳಿರಲಿಲ್ಲ. ಇವತ್ತು ನಾವು ಅಂಥಾ ಸಾಲುಗಳನ್ನೇ ಓದೋಣ.

ಮೊದಲಿಗೆ, ಯಾವುದು ಕ್ಯಾಮೆರಾ ಇನ್ಶೂರೆನ್ಸ್ ಅಲ್ಲ ಅಂತ ತಿಳ್ಕೊಳ್ಳಿ. ವಾರಂಟಿ ಇನ್ಶೂರೆನ್ಸ್ ಅಲ್ಲ. ಅದು ತಯಾರಿಕೆಯ ದೋಷಕ್ಕೆ ಮಾತ್ರ. ನೀವು ಬೀಳಿಸಿದ್ರೆ, ಕಳ್ಳ ಕದ್ದರೆ ಅದು ಕೆಲಸಕ್ಕೆ ಬರಲ್ಲ. ಮನೆಗೆ 2021ರ ಏಪ್ರಿಲ್‌ನಿಂದ 'ಭಾರತ್ ಗೃಹ ರಕ್ಷಾ' ಅನ್ನೋ ಪ್ರಮಾಣಿತ ಪಾಲಿಸಿ ಇದೆ, ಸಣ್ಣ ಉದ್ಯಮಕ್ಕೆ 'ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ' ಇದೆ. ಎರಡೂ ಒಳ್ಳೆಯವೇ. ಆದರೆ ಇವು ಮೂಲತಃ ಬೆಂಕಿ, ಪ್ರವಾಹ, ಬಿರುಗಾಳಿಯಂಥ ಅಪಾಯಗಳಿಗೆ, ಅದೂ ಪಾಲಿಸಿಯಲ್ಲಿ ಬರೆದ ಜಾಗಕ್ಕೆ. ಸ್ಟುಡಿಯೋಗೆ ನೀರು ನುಗ್ಗಿದರೆ ಸರಿ, ಜಲಪಾತದ ಬಂಡೆ ಮೇಲೆ ಲೆನ್ಸ್ ಜಾರಿದರೆ ಅಲ್ಲ.

ಕ್ಯಾಮೆರಾಗೆ ಸಾಮಾನ್ಯವಾಗಿ ಎರಡು ದಾರಿ. ಒಂದು 'ಆಲ್ ರಿಸ್ಕ್' ಪಾಲಿಸಿ. ಹೆಸರು ಕೇಳಿ ಎಲ್ಲಾ ಅಪಾಯಕ್ಕೂ ಅನ್ಕೋಬೇಡಿ. ಹೊರಗಿಟ್ಟಿರೋ ಪಟ್ಟಿಯನ್ನ ಬಿಟ್ಟು ಉಳಿದದ್ದಕ್ಕೆ ಅಂತ ಅರ್ಥ. ವಸ್ತು ನಿಮ್ಮ ಜೊತೆ ಓಡಾಡುವಾಗಲೂ ರಕ್ಷಣೆ ಕೊಡೋದಕ್ಕೇ ಇದು ಇರೋದು. ಎರಡನೇದು 'ಎಲೆಕ್ಟ್ರಾನಿಕ್ ಎಕ್ವಿಪ್‌ಮೆಂಟ್' ಪಾಲಿಸಿ. ಇದು ಹೆಚ್ಚಾಗಿ ಕಚೇರಿ, ಸ್ಟುಡಿಯೋಗೆ. ಹೊರಗೆ ಒಯ್ಯೋ ಸಾಧನಕ್ಕೆ ಪೋರ್ಟಬಲ್ ಎಕ್ಸ್‌ಟೆನ್ಷನ್ ಕೇಳಿ ಸೇರಿಸಿಕೊಳ್ಳಬೇಕು.

ಪ್ರೀಮಿಯಂ ಕಟ್ಟೋ ಮುಂಚೆ ಐದು ಪ್ರಶ್ನೆ ಕೇಳಿ. ಉತ್ತರ ಬಾಯಿಮಾತಲ್ಲಿ ಬೇಡ, ಇಮೇಲ್‌ನಲ್ಲಿ ತಗೊಳ್ಳಿ.

ಒಂದು, ನಾನು ದುಡಿಯೋಕೆ ಬಳಸ್ತೀನಿ, ಅದಕ್ಕೂ ಅನ್ವಯ ಆಗುತ್ತಾ? ಹವ್ಯಾಸ ಅಂತ ಬರೆದು ಮದುವೆ ಶೂಟ್ ಮಾಡಿದ್ರೆ ಕ್ಲೇಮ್ ಹೊತ್ತಿಗೆ ಅದೇ ಕುತ್ತಿಗೆಗೆ ಬರುತ್ತೆ.

ಎರಡು, ವಾಹನದಿಂದ ಕಳವಾದರೆ? ಲಾಕ್ ಆಗಿರಬೇಕಾ, ಡಿಕ್ಕಿಯಲ್ಲೇ ಇರಬೇಕಾ, ರಾತ್ರಿ ಹೊತ್ತು ಕವರ್ ಇದೆಯಾ? ಬೈಕಿನಲ್ಲಿ ಓಡಾಡೋರು ಇದನ್ನ ಬೇರೆಯಾಗೇ ಕೇಳಿ.

ಮೂರು, ಕೈಜಾರಿ ಬಿದ್ದರೆ, ನೀರು ಹೊಕ್ಕರೆ? 'ಬರ್ಗ್ಲರಿ' ಕವರ್ ಒಂದೇ ಇದ್ದರೆ ಇದು ಸಿಗಲ್ಲ.

ನಾಲ್ಕು, ಬೇರೆಯವರ ಕೈಯಲ್ಲಿದ್ದಾಗ? ಮುಹೂರ್ತದ ದಿನ ಲೆನ್ಸ್ ಎರವಲು ಕೊಡೋದು ನಮ್ಮಲ್ಲಿ ಮಾಮೂಲು. ಬಾಡಿಗೆಗೆ ಕೊಟ್ಟ ಸಾಧನ, ನಿಮ್ಮ ಸಹಾಯಕನೇ ಕದ್ದ ಸಾಧನ, ಇವಕ್ಕೆ ಸಾಮಾನ್ಯವಾಗಿ ಪರಿಹಾರ ಇರಲ್ಲ.

ಐದು, ಹಳೆಯದಾದ ಕ್ಯಾಮೆರಾಗೆ ಯಾವ ಬೆಲೆ ಲೆಕ್ಕ? ಹೊಸದರ ಬೆಲೆಯೋ, ಸವಕಳಿ ಕಳೆದ ಮಾರುಕಟ್ಟೆ ಬೆಲೆಯೋ?

ಇನ್ನು ಲೆನ್ಸ್ ಫಂಗಸ್. ಮಲೆನಾಡಿನ ಮಳೆಗಾಲದ ಶತ್ರು. ನಿಧಾನವಾಗಿ ಬೆಳೆಯೋ ಹಾಳು, ಸವೆತ, ಯಂತ್ರದೊಳಗಿನ ಕೆಡುಕು, ಇವು ಸಾಮಾನ್ಯವಾಗಿ ಹೊರಗಿಟ್ಟ ಪಟ್ಟಿಯಲ್ಲೇ ಇರ್ತವೆ. ಇದಕ್ಕೆ ಇನ್ಶೂರೆನ್ಸ್ ಅಲ್ಲ, ಗಾಳಿಯಾಡದ ಡಬ್ಬಿ ಮತ್ತು ಸಿಲಿಕಾ ಜೆಲ್ ಪರಿಹಾರ. ಡ್ರೋನ್‌ಗೂ ಬೇರೆ ಪಾಲಿಸಿ ಬೇಕಾಗುತ್ತೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ನ್ಯಾನೋ ಡ್ರೋನ್ ಬಿಟ್ಟು ಉಳಿದವಕ್ಕೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ.

ಈಗ ಸ್ವಲ್ಪ ಲೆಕ್ಕ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕಿಟ್ ಬೆಲೆ ಒಟ್ಟು 2,00,000 ರೂಪಾಯಿ ಅಂತಿಟ್ಕೊಳ್ಳಿ. ಪ್ರೀಮಿಯಂ ಉಳಿಸೋಕೆ 1,20,000ಕ್ಕೆ ಮಾತ್ರ ವಿಮೆ ಮಾಡಿಸಿದ್ರಿ, ಅಂದ್ರೆ ಶೇ. 60. ಒಂದು ದಿನ 40,000ದ ಲೆನ್ಸ್ ಹೋಯ್ತು. "ನನ್ನ ವಿಮೆ 1,20,000 ಇದೆ, 40,000 ಪೂರ್ತಿ ಬರುತ್ತೆ" ಅನ್ಸುತ್ತೆ ಅಲ್ವಾ? ಪಾಲಿಸಿಯಲ್ಲಿ ಆವರೇಜ್ ಕ್ಲಾಸ್ ಇದ್ದರೆ ಬರೋದು ಅದರ ಶೇ. 60, ಅಂದ್ರೆ 24,000. ಪ್ರತಿ ಕ್ಲೇಮ್‌ನಲ್ಲೂ ಮೊದಲ 5,000 ನೀವೇ ಹೊರಬೇಕು ಅಂತ ಇದ್ದರೆ ಕೈಗೆ ಸಿಗೋದು 19,000. ಉಳಿಸಿದ ಪ್ರೀಮಿಯಂ ಎಷ್ಟು, ಕಳ್ಕೊಂಡದ್ದು ಎಷ್ಟು ನೀವೇ ನೋಡಿ. ಪ್ರೀಮಿಯಂ ಹೋಲಿಸುವಾಗ ಶೇ. 18 ಜಿಎಸ್‌ಟಿ ಸೇರಿಸಿಯೇ ಹೋಲಿಸಿ.

ಹಾಗಾದ್ರೆ ಎಲ್ಲರೂ ಮಾಡಿಸ್ಬೇಕಾ? ಇಲ್ಲ. ನನ್ನ ಅಳತೆ ಇದು: ಕ್ಯಾಮೆರಾ ನಾಳೆ ಹೋದರೆ ಮುಂದಿನ ವಾರದ ಆರ್ಡರ್ ನಿಲ್ಲುತ್ತಾ? ಇಎಂಐ ಕಟ್ಟೋಕೆ ಕಷ್ಟ ಆಗುತ್ತಾ? ಹೌದು ಅಂದ್ರೆ ಮಾಡಿಸಿ. ಹಬ್ಬಕ್ಕೊಂದು, ಟ್ರಿಪ್‌ಗೊಂದು ಹೊರಗೆ ಬರೋ ಹಳೇ ಕ್ಯಾಮೆರಾ ಆದ್ರೆ, ಅದೇ ಪ್ರೀಮಿಯಂ ದುಡ್ಡನ್ನ ಆರ್‌ಡಿಯಲ್ಲಿ ಇಟ್ಟರೂ ನಡೆಯುತ್ತೆ.

ಮಾಡಿಸಿದ ದಿನವೇ ಅರ್ಧ ಗಂಟೆ ಕೊಡಿ. ಪ್ರತಿ ಸಾಧನದ ಬಿಲ್, ಸೀರಿಯಲ್ ನಂಬರ್, ಫೋಟೋ ಎಲ್ಲಾ ಒಂದು ಫೋಲ್ಡರ್‌ನಲ್ಲಿಡಿ. ಸೆಕೆಂಡ್ ಹ್ಯಾಂಡ್ ಆದರೆ ಮಾರಿದವರಿಂದ ಸಹಿ ಹಾಕಿದ ರಸೀದಿ, ಆನ್‌ಲೈನ್ ಪಾವತಿಯ ದಾಖಲೆ ಇಟ್ಕೊಳ್ಳಿ. ಅಷ್ಟು ಸಾಕಾ ಅಂತ ಕಂಪನಿಯನ್ನ ಮೊದಲೇ ಕೇಳಿ. ಇನ್ನೊಂದು ಗುಟ್ಟು: ಎಷ್ಟೋ ಕ್ಯಾಮೆರಾಗಳು ತೆಗೆದ ಪ್ರತಿ ಫೋಟೋದ ಎಕ್ಸಿಫ್ ಮಾಹಿತಿಯಲ್ಲಿ ಬಾಡಿಯ ಸೀರಿಯಲ್ ನಂಬರ್ ಬರೀತವೆ. ಬಾಕ್ಸ್ ಕಳೆದಿದ್ರೂ ಹಳೇ ಮದುವೆ ಫೋಟೋ ಒಂದು ನಿಮ್ಮ ಪರ ಸಾಕ್ಷಿ ಹೇಳುತ್ತೆ.

ಕಳವಾದ್ರೆ? ಅದೇ ದಿನ ಪೊಲೀಸ್ ದೂರು, ಅದೇ ದಿನ ಕಂಪನಿಗೆ ಮಾಹಿತಿ. ಬೀರೂರಲ್ಲಿ ರೈಲು ಇಳಿದು ಅಜ್ಜಂಪುರಕ್ಕೆ ಬಂದ್ಮೇಲೆ ಗೊತ್ತಾಯ್ತು ಅಂದ್ರೂ ಚಿಂತೆ ಬೇಡ. ಝೀರೋ ಎಫ್‌ಐಆರ್ ಅಂತ ಇದೆ. ಘಟನೆ ಎಲ್ಲೇ ನಡೆದಿರಲಿ, ಹತ್ತಿರದ ಠಾಣೆಯಲ್ಲಿ ದಾಖಲಿಸಬಹುದು. ಮುರಿದದ್ದಾದ್ರೆ ಸರ್ವೇಯರ್ ನೋಡೋವರೆಗೂ ರಿಪೇರಿಗೆ ಕೊಡ್ಬೇಡಿ, ಚೂರುಗಳನ್ನೂ ಎಸೀಬೇಡಿ.

ಕ್ಲೇಮ್ ತಿರಸ್ಕಾರ ಆದ್ರೆ ಕಾರಣವನ್ನ ಬರವಣಿಗೆಯಲ್ಲಿ ಕೇಳಿ. ಕಂಪನಿಯ ದೂರು ವಿಭಾಗಕ್ಕೆ ಬರೀರಿ. ಐಆರ್‌ಡಿಎಐನ 'ಬಿಮಾ ಭರೋಸಾ' ಪೋರ್ಟಲ್ ಇದೆ, ಸಹಾಯವಾಣಿ 155255. ಒಂದು ತಿಂಗಳಲ್ಲಿ ಉತ್ತರ ಬರದಿದ್ರೆ, ಬಂದ ಉತ್ತರ ಸರಿ ಅನ್ನಿಸದಿದ್ರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಶುಲ್ಕ ಇಲ್ಲ, ವಕೀಲರು ಬೇಡ. ಆದರೆ ತಿರಸ್ಕಾರ ಆದ ಒಂದು ವರ್ಷದೊಳಗೆ ಹೋಗ್ಬೇಕು.

ಕೊನೇದಾಗಿ, ಯಾವ ಪಾಲಿಸಿಯೂ ತುಂಬದ ಒಂದು ನಷ್ಟ ಇದೆ. ಕ್ಯಾಮೆರಾ ಜೊತೆ ಹೋದ ಮೆಮೊರಿ ಕಾರ್ಡ್! ಕಾರ್ಡಿನ ಬೆಲೆ ಬರಬಹುದು, ಅದರೊಳಗಿನ ಧಾರೆ ಕ್ಷಣ ಬರಲ್ಲ. ಆ ಮನೆಯ ಅಜ್ಜಿ ಮುಂದಿನ ವರ್ಷ ಇರ್ತಾರೋ ಇಲ್ವೋ ಯಾರಿಗೆ ಗೊತ್ತು. ಎರಡು ಸ್ಲಾಟ್ ಇದ್ದರೆ ಎರಡರಲ್ಲೂ ರೆಕಾರ್ಡ್ ಮಾಡಿ, ತುಂಬಿದ ಕಾರ್ಡನ್ನ ಬ್ಯಾಗಲ್ಲಿ ಬಿಡದೆ ಜೇಬಲ್ಲಿಡಿ, ಊಟಕ್ಕೆ ಕೂರೋ ಮುಂಚೆ ಒಂದು ಕಾಪಿ ಮಾಡ್ಕೊಳ್ಳಿ.

ಆಷಾಢದಲ್ಲಿ ಹೇಗೂ ಮದುವೆ ಇರಲ್ಲ. ಆ ತಿಂಗಳು ನಿಮ್ಮ ಪಾಲಿಸಿ ತೆಗೆದು ಒಂದ್ಸಲ ಪೂರ್ತಿ ಓದಿ. ಅರ್ಥ ಆಗದ ಸಾಲಿನ ಫೋಟೋ ತೆಗೆದು ನಮಗೆ ಕಳಿಸಿ, ಹೆಸರು ಹೇಳದೆ ಮುಂದಿನ ಎಪಿಸೋಡಲ್ಲಿ ಓದಿ ಬಿಡಿಸೋಣ. ಮದುವೆ ಶೂಟ್ ಮಾಡೋ ಗೆಳೆಯರಿದ್ರೆ ಇದನ್ನ ಅವರಿಗೆ ಕಳಿಸಿ. ಸಿಗೋಣ, ನಮಸ್ಕಾರ.