ಮನುಷ್ಯರದು ಒಂದೇ ಜಾತಿ
(ಮುಳಗುಂದದಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಅಲ್ಲಾಹನ ಸ್ತುತಿ ಮತ್ತು ಪ್ರವಾದಿ(ಸ)ರ ಮೇಲೆ ಸಲಾತ್-ಸಲಾಮಿನ ಬಳಿಕ ಒಂದು ವಿಷಯವನ್ನು ನಿಮ್ಮ ಮುಂದಿಡಲು ಬಯಸುತ್ತೇವೆ.

ಪಿಯುಸಿಯಲ್ಲಿ ವಿಜ್ಞಾನ ಓದುವ ನಮ್ಮ ಮಕ್ಕಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಇದೆ. ಜೀವಶಾಸ್ತ್ರದ ಪುಸ್ತಕದಲ್ಲಿ ಮಾನವ ವಿಕಾಸದ ಪಾಠ ಬರುತ್ತದೆ. ಅದನ್ನು ಓದಿ ಪರೀಕ್ಷೆಯಲ್ಲಿ ಬರೆದರೆ ಈಮಾನಿಗೆ ಧಕ್ಕೆಯೇ? ಎಷ್ಟೋ ಮನೆಗಳಲ್ಲಿ ಸಿಗುವ ಉತ್ತರ ಎರಡೇ. 'ಅರ್ಥ ಕೇಳಬೇಡ, ಬಾಯಿಪಾಠ ಮಾಡಿ ಬರೆ' ಎಂಬುದು ಒಂದು. 'ಆ ವಿಷಯವನ್ನೇ ಬಿಡು, ಕಾಮರ್ಸ್ ತಗೋ' ಎಂಬುದು ಇನ್ನೊಂದು. ಮೊದಲನೆಯದು ಮಗುವಿಗೆ ಕಪಟ ಕಲಿಸುತ್ತದೆ. ಎರಡನೆಯದು ನಾಳೆ ಡಾಕ್ಟರ್ ಆಗಬಹುದಾದ ಮಗಳ ದಾರಿ ಮುಚ್ಚುತ್ತದೆ.

ತಿಳಿಯದ ವಿಷಯದ ಬೆನ್ನು ಹತ್ತಬೇಡಿ, ಕಿವಿ, ಕಣ್ಣು, ಹೃದಯ ಎಲ್ಲದರ ಬಗ್ಗೆಯೂ ವಿಚಾರಣೆ ಇದೆ ಎಂಬ ಎಚ್ಚರಿಕೆ ಸೂರಃ ಅಲ್ ಇಸ್ರಾದ 36ನೇ ಸೂಕ್ತದಲ್ಲಿದೆ. ಆದ್ದರಿಂದ ಆ ಪಾಠ ಏನು ಹೇಳುತ್ತದೆ ಎಂಬುದನ್ನು ಮೊದಲು ತಿಳಿಯೋಣ.

ಜೀವಶಾಸ್ತ್ರದಲ್ಲಿ 'ಪ್ರಭೇದ' ಎಂಬ ಮಾತಿದೆ. ಆಡುಮಾತಿನಲ್ಲಿ ಇದನ್ನೇ ನಾವು ಪ್ರಾಣಿಗಳ 'ಜಾತಿ' ಎನ್ನುತ್ತೇವೆ. ಅರ್ನ್ಸ್ಟ್ ಮೇಯರ್ ಎಂಬ ವಿಜ್ಞಾನಿ 1942ರಲ್ಲಿ ಇದಕ್ಕೊಂದು ಅಳತೆ ಕೊಟ್ಟರು: ನಿಸರ್ಗದಲ್ಲಿ ತಮ್ಮತಮ್ಮೊಳಗೆ ಕೂಡಿ ಸಂತಾನ ಬೆಳೆಸುವ, ಬೇರೆ ಗುಂಪುಗಳೊಂದಿಗೆ ಹಾಗೆ ಬೆಳೆಸದ ಜೀವಿಗಳ ಬಳಗವೇ ಪ್ರಭೇದ. ನಮ್ಮ ಕುರುಬರ ಹಿಂಡನ್ನೇ ನೋಡಿ. ಡೆಕ್ಕನಿ ಕುರಿ ಬೇರೆ, ಕೆಂಗುರಿ ಬೇರೆ ಕಾಣುತ್ತದೆ. ಆದರೆ ಅವುಗಳ ಮರಿ ಬೆಳೆದು ತಾನೂ ಮರಿ ಹಾಕುತ್ತದೆ. ತಳಿ ಎರಡು, ಜಾತಿ ಒಂದೇ. ಅದೇ ಹಿಂಡಿನಲ್ಲಿ ಆಡುಗಳೂ ಮೇಯುತ್ತವೆ. ಕುರಿ, ಆಡು ದಿನವಿಡೀ ಜೊತೆಗಿದ್ದರೂ ಅವುಗಳ ವಂಶ ಬೆರೆಯುವುದಿಲ್ಲ. ಅವು ಎರಡು ಜಾತಿ.

ಕುದುರೆ, ಕತ್ತೆ ಕೂಡಿದರೆ ಹೇಸರಗತ್ತೆ ಹುಟ್ಟುತ್ತದೆ. ಅದು ಭಾರ ಹೊರುವ ಗಟ್ಟಿ ಪ್ರಾಣಿ, ಆದರೆ ಅದಕ್ಕೆ ಸಾಮಾನ್ಯವಾಗಿ ಸಂತಾನವಿಲ್ಲ. ಸೂರಃ ಅನ್ನಹ್ಲ್‌ನ 8ನೇ ಸೂಕ್ತದಲ್ಲಿ ಈ ಮೂರೂ ಪ್ರಾಣಿಗಳ ಹೆಸರಿದೆ. ನಮಗೆ ತಿಳಿಯದ್ದನ್ನೂ ಅಲ್ಲಾಹನು ಸೃಷ್ಟಿಸುತ್ತಾನೆ ಎಂಬ ಮಾತೂ ಅಲ್ಲೇ ಇದೆ.

ಹಾಗೆಂದು ಪ್ರಭೇದಗಳ ನಡುವಿನ ಗೆರೆ ಕಲ್ಲಿನ ಗೋಡೆಯಲ್ಲ. ಇದು ನಮ್ಮ ಎರಿ ಹೊಲದ ರೈತರಿಗೆ ಗೊತ್ತು. 1972ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿ ಹತ್ತಿ, ಆಮೇಲೆ ಬಂದ ಡಿಸಿಎಚ್-32, ಇವೆರಡೂ ಬೇರೆ ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ ಪಡೆದ ಬೀಜಗಳು. ದೂರವಾದ ಬಳಗಗಳೂ ಕೆಲವೊಮ್ಮೆ ಕೂಡಬಲ್ಲವು. ಇದಕ್ಕೆ ವಿಜ್ಞಾನಿಗಳು ಕೊಡುವ ಕಾರಣ ಹೀಗಿದೆ: ಒಂದೇ ಬಳಗ ಎರಡಾಗಿ ಬೇರೆ ಬೇರೆ ಕಡೆ ನೆಲೆಸುತ್ತದೆ. ತಲೆಮಾರಿನಿಂದ ತಲೆಮಾರಿಗೆ ಸಣ್ಣ ಬದಲಾವಣೆಗಳು ಕೂಡುತ್ತ ಹೋಗಿ, ಕೊನೆಗೆ ಅವು ಎರಡು ಪ್ರಭೇದಗಳಾಗುತ್ತವೆ. ವಿಕಾಸ ಎಂದರೆ ಈ ನಿಧಾನದ ಬದಲಾವಣೆ.

'ಮಂಗನಿಂದ ಮಾನವ' ಎಂದು ನಾವು ಕೇಳಿ ನಗುವ ಮಾತು ಆ ಪಾಠದಲ್ಲಿ ಇಲ್ಲ. ಮನುಷ್ಯರಿಗೂ ಚಿಂಪಾಂಜಿಗಳಿಗೂ ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಒಂದೇ ಪೂರ್ವಜ ಬಳಗವಿತ್ತು ಎಂದು ಅದು ಹೇಳುತ್ತದೆ. ಚಾಚಾನ ಮಗ ನಮಗೆ ತಂದೆಯಲ್ಲ, ಇಬ್ಬರಿಗೂ ದಾದಾ ಒಬ್ಬರೇ. ಪಾಠದ ಮಾತೂ ಅಷ್ಟೇ.

ಇದಕ್ಕೆ ಆಧಾರಗಳು ಮಣ್ಣಿನಲ್ಲಿ ಸಿಕ್ಕಿವೆ. ನಮ್ಮದೇ ರಾಜ್ಯದ ಯಾದಗಿರಿ ಜಿಲ್ಲೆಯಲ್ಲಿ, ಹುಣಸಗಿ ಸಮೀಪದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಉತ್ಖನನ ನಡೆಸಿತು. ಸುಣ್ಣಕಲ್ಲಿನಿಂದ ಕೊಡಲಿಗಳನ್ನು ಮಾಡುತ್ತಿದ್ದ ಜಾಗ ಅದು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳ ಪರೀಕ್ಷೆಯಿಂದ ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಅಂದಾಜಾಗಿದೆ. ನಮ್ಮ ಪ್ರಭೇದದ ಅತಿ ಹಳೆಯ ಎಲುಬುಗಳೋ, ಮೊರೊಕ್ಕೋದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕವು, ಸುಮಾರು 3 ಲಕ್ಷ ವರ್ಷದವು. ಅಂದರೆ ಇಸಾಂಪುರದ ಆ ಕಲ್ಲು ಹಿಡಿದ ಕೈಗಳು ನಮಗಿಂತ ಮೊದಲಿನ ಇನ್ನೊಂದು ಬಳಗದವು.

'ಹಾಗಾದರೆ ಆದಮ್(ಅ)ರ ವಿಷಯ?' ಎಂದು ನೀವು ಕೇಳುತ್ತೀರಿ. ಆದಮರ ಸೃಷ್ಟಿ ನಮ್ಮ ಈಮಾನಿನ ವಿಷಯ. ಅದು ವಹೀಯಿಂದ ತಿಳಿಯುವಂಥದ್ದು, ಎಲುಬು-ಕಲ್ಲು ಅಳೆದು ತಿಳಿಯುವಂಥದ್ದಲ್ಲ. ಇವೆರಡನ್ನು ಹೇಗೆ ಜೋಡಿಸಬೇಕೆಂಬುದರಲ್ಲಿ ಇಂದಿನ ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಇದೆ. ಉಳಿದ ಜೀವಿಗಳ ವಿಕಾಸವನ್ನು ಒಪ್ಪಿ ಆದಮರನ್ನು ಪ್ರತ್ಯೇಕವಾಗಿ ಕಾಣುವವರಿದ್ದಾರೆ. ಎರಡಕ್ಕೂ ಹೊಂದಾಣಿಕೆ ಇದೆ ಎನ್ನುವವರೂ, ಒಪ್ಪದವರೂ ಇದ್ದಾರೆ. ಆದರೆ ಜೀವಿಗಳ ಬಗ್ಗೆ ವಿಚಾರ ಮಾಡುವುದಕ್ಕೆ ನಮ್ಮ ಹಿರಿಯರು ಹೆದರಲಿಲ್ಲ. ಒಂಬತ್ತನೇ ಶತಮಾನದಲ್ಲಿ ಬಸ್ರಾದ ಅಲ್ ಜಾಹಿಜ್ ಪ್ರಾಣಿಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದರು. ಇಬ್ನ್ ಖಲ್ದೂನ್ ತಮ್ಮ 'ಮುಖದ್ದಿಮಾ'ದಲ್ಲಿ ಖನಿಜ, ಸಸ್ಯ, ಪ್ರಾಣಿಗಳಿಂದ ಮನುಷ್ಯನವರೆಗಿನ ಮೆಟ್ಟಿಲುಗಳನ್ನು ವಿವರಿಸಿದರು. ಅದು ಇಂದಿನ ವಿಕಾಸವಾದವಲ್ಲ ನಿಜ, ಆದರೆ ಕಣ್ಣು ತೆರೆದು ನೋಡಿದ್ದಂತೂ ನಿಜ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿ ಹೇಗೆ ಆರಂಭವಾಯಿತೆಂದು ನೋಡಲು ಸೂರಃ ಅಲ್ ಅನ್ಕಬೂತ್‌ನ 20ನೇ ಸೂಕ್ತವೇ ಹೇಳುತ್ತದೆ.

ಸಹೋದರರೇ, ಈ ಪಾಠದಲ್ಲಿ ಇನ್ನೊಂದು ಮಾತಿದೆ. ಅದು ನೇರವಾಗಿ ನಮ್ಮ ಮನೆಗೇ ಬರುತ್ತದೆ. ಹಿಂದೆ ಹಲವು ಮಾನವ ಬಳಗಗಳಿದ್ದವು. ಇಂದು ಭೂಮಿಯ ಮೇಲೆ ಉಳಿದಿರುವುದು ಒಂದೇ ಪ್ರಭೇದ. ಯಾವ ಇಬ್ಬರು ಮನುಷ್ಯರನ್ನು ತೆಗೆದುಕೊಂಡರೂ ಅವರ ಡಿಎನ್‌ಎ ಸುಮಾರು ಶೇ. 99.9ರಷ್ಟು ಒಂದೇ. ಮನುಷ್ಯರನ್ನು ಒಂದು ಗಂಡು, ಒಂದು ಹೆಣ್ಣಿನಿಂದ ಸೃಷ್ಟಿಸಿ, ಪರಸ್ಪರ ಗುರುತಿಸಲೆಂದು ಜನಾಂಗ, ಗೋತ್ರಗಳಾಗಿ ಮಾಡಲಾಗಿದೆ, ಮೇಲ್ಮೆ ಇರುವುದು ತಖ್ವಾದಲ್ಲಿ ಎಂದು ಸೂರಃ ಅಲ್ ಹುಜುರಾತ್‌ನ 13ನೇ ಸೂಕ್ತ ಕಲಿಸುತ್ತದೆ.

ಇದನ್ನು ಕೇಳಿ ತಲೆದೂಗುವ ನಾವೇ, ಮಗಳಿಗೆ ಗಂಡು ನೋಡುವಾಗ 'ಅವರು ಪಿಂಜಾರರು, ನಾವು ಸೈಯದರು' ಎನ್ನುತ್ತೇವೆ. ದೀನದಾರ ಹುಡುಗ, ದುಡಿದು ತಿನ್ನುವವ, ಆದರೂ ಮನೆತನದ ಹೆಸರು ಕೇಳಿ ಬಾಗಿಲು ಹಾಕುತ್ತೇವೆ. ಹತ್ತಿ ಹಿಂಜಿ ನಮಗೆ ಗಾದಿ ಮಾಡಿಕೊಟ್ಟವರನ್ನು ಕೀಳಾಗಿ ಕಾಣುವುದು ಯಾವ ಕುರ್‌ಆನಿನಲ್ಲಿದೆ, ಯಾವ ವಿಜ್ಞಾನದಲ್ಲಿದೆ? ಕಸುಬು, ಮನೆತನಗಳಿಗೆ 'ಜಾತಿ' ಎಂಬ ಹೆಸರಿಟ್ಟವರು ನಾವು. ಮನುಷ್ಯರಲ್ಲಿ ಎರಡನೆಯ ಜಾತಿ ಇಲ್ಲ.

ಆದ್ದರಿಂದ ನಾವು ಎರಡು ಮಾತು ಕೇಳಿಕೊಳ್ಳುತ್ತೇವೆ. ಮಗಳು ಜೀವಶಾಸ್ತ್ರ ಓದುತ್ತೇನೆಂದರೆ ಓದಿಸಿ. ಅವಳು ಪ್ರಶ್ನೆ ಕೇಳಿದರೆ ಗದರಿಸಬೇಡಿ. ನಿಮಗೆ ಉತ್ತರ ಬಾರದಿದ್ದರೆ ಅವಳನ್ನು ಮಸೀದಿಗೆ ಕಳಿಸಿ, ಕೂತು ಮಾತಾಡೋಣ. ಎರಡನೆಯದು, ಈ ವರ್ಷ ನಿಮ್ಮ ಮನೆಯಲ್ಲಿ ನಿಕಾಹ್ ಮಾತುಕತೆ ಇದ್ದರೆ, ಮನೆತನ ಕೇಳುವ ಮೊದಲು ಹುಡುಗನ ನಡತೆ ಕೇಳಿ.

ಅಲ್ಲಾಹನು ನಮ್ಮ ಮಕ್ಕಳ ಜ್ಞಾನವನ್ನು ಹೆಚ್ಚಿಸಲಿ, ನಮ್ಮ ಮನಸ್ಸಿನ ಮೇಲು-ಕೀಳನ್ನು ತೊಳೆಯಲಿ. ಆಮೀನ್.